ಗಡಿನಾಡಿನ ಕಲ್ಲುಗಳ ಸಾಕ್ಷ್ಯ: ಉದಗೀರದಿಂದ ತೇರದವರೆಗೆ

ದೀಪಾವಳಿಯ ರಜೆ ಸಮೀಪಿಸಿದೊಡನೆ ನಮ್ಮ ಕನ್ನಡ ಶಾಲೆಗಳಲ್ಲಿ ಪ್ರವಾಸದ ಮಾತು ಏಳುತ್ತದೆ. ಹಂಪಿ, ಬಾದಾಮಿ, ವಿಜಾಪುರಗಳ ಹೆಸರು ಮೊದಲು ಕೇಳಿಬರುತ್ತದೆ. ಅವು ನೋಡಲೇಬೇಕಾದ ಸ್ಥಳಗಳೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಉದಗೀರ, ನಿಲಂಗಾ, ಉಮರ್ಗಾ ತಾಲೂಕುಗಳವರಾದ ನಾವು ನಮ್ಮ ಅಂಗಳದಲ್ಲಿಯೇ ಇರುವ ಕೋಟೆ, ಗುಡಿ, ಗುಹೆಗಳನ್ನು ಮಕ್ಕಳಿಗೆ ತೋರಿಸದೆಯೇ ದೂರದ ಊರಿನ ಬಸ್ಸು ಹತ್ತುತ್ತೇವೆ. ಈ ಸಲದ ರಜೆಯಲ್ಲಿ ಎಂಟನೆಯ ಇಯತ್ತೆಯ ಮಗಳನ್ನೂ ಆರನೆಯ ಇಯತ್ತೆಯ ತಂಗಿಯ ಮಗನನ್ನೂ ಕರೆದುಕೊಂಡು ನಾಲ್ಕು ದಿನ ಈ ಸೀಮೆಯಲ್ಲಿಯೇ ತಿರುಗಿ ಬಂದೆ. ಇಬ್ಬರೂ ಕನ್ನಡ ಮಾಧ್ಯಮದಲ್ಲಿ ಓದುವವರು. ಕಂಡದ್ದನ್ನು ಪಾಲಕರ ಮುಂದಿಡುವುದು ಈ ಲೇಖನದ ಉದ್ದೇಶ.

ನಾನು ವೃತ್ತಿಯಿಂದ ವಕೀಲ. ಹಳೆಯ ಕಾಗದಪತ್ರಗಳನ್ನು ತಿರುವಿ ಹಾಕುವುದೇ ನಿತ್ಯದ ಕೆಲಸ. 1872ರ ಸಾಕ್ಷ್ಯ ಅಧಿನಿಯಮವು ದಸ್ತಾವೇಜು ಎಂದರೇನೆಂದು ಹೇಳುವಾಗ ಕೆಲವು ಉದಾಹರಣೆಗಳನ್ನು ಕೊಟ್ಟಿತ್ತು. ಲೋಹದ ತಗಡಿನ ಮೇಲೆ ಅಥವಾ ಕಲ್ಲಿನ ಮೇಲೆ ಕೆತ್ತಿದ ಬರಹವೂ ದಸ್ತಾವೇಜೇ ಎಂಬುದು ಅವುಗಳಲ್ಲಿ ಒಂದು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಾಕ್ಷ್ಯ ಕಾನೂನು ಕೂಡ ಆ ಉದಾಹರಣೆಯನ್ನು ಹಾಗೆಯೇ ಉಳಿಸಿಕೊಂಡಿದೆ. ಕಾಲೇಜಿನಲ್ಲಿ ಓದುವಾಗ ಇದು ಪರೀಕ್ಷೆಗೆ ಬರುವ ಒಂದು ಸಾಲು ಮಾತ್ರವಾಗಿತ್ತು. ಈ ನಾಲ್ಕು ದಿನಗಳಲ್ಲಿ ಅದರ ಅರ್ಥ ಹೆಜ್ಜೆಹೆಜ್ಜೆಗೂ ಎದುರಾಯಿತು.

ಉದಗೀರ

ಮೊದಲ ದಿನ ಉದಗೀರದ ಕೋಟೆ. ಬಹಮನಿ ಕಾಲದ ಈ ಕೋಟೆಯ ಸುತ್ತ ಸುಮಾರು 40 ಅಡಿ ಆಳದ ಕಂದಕವಿದೆ. ಒಳಗೆ ಅರಮನೆಗಳ ಅವಶೇಷಗಳಿವೆ. ಊರಿಗೆ ಹೆಸರು ಕೊಟ್ಟ ಉದಯಗಿರಿ ಮಹಾರಾಜರ ಸಮಾಧಿಯಿದೆ. ಗೋಡೆಗಳಲ್ಲಿ ಅರಬ್ಬಿ, ಪಾರಸಿ ಬರಹಗಳಿವೆ. ಮುಸಲ್ಮಾನ ಸುಲ್ತಾನರ ಕೋಟೆಯ ನಡುವೆ ಹಿಂದೂ ಸಂತನ ಸಮಾಧಿ ಹೇಗೆ ಉಳಿಯಿತೆಂದು ಮಗಳು ಕೇಳಿದಳು. ನಮ್ಮ ಸೀಮೆಯಲ್ಲಿ ಇಂಥದ್ದು ಸೋಜಿಗವೇನಲ್ಲ, ಜನರ ಶ್ರದ್ಧೆಗೆ ಕೈ ಹಚ್ಚುವ ಗೋಜಿಗೆ ಅರಸರು ಎಷ್ಟೋ ವೇಳೆ ಹೋಗುತ್ತಿರಲಿಲ್ಲವೆಂದು ಹೇಳಿದೆ.

ಈ ಕೋಟೆಯು ಆದಿಲ್‌ಶಾಹಿಯ ಕೈಯಲ್ಲಿದ್ದಾಗ 1636ರಲ್ಲಿ ಶಹಾಜಹಾನನ ಸೇನೆ ಇದನ್ನು ಗೆದ್ದುಕೊಂಡಿತು. 1760ರ ಫೆಬ್ರುವರಿ 3ರಂದು ಸದಾಶಿವರಾವ್ ಭಾವೂ ನಾಯಕತ್ವದ ಮರಾಠರಿಗೂ ನಿಜಾಮನಿಗೂ ನಡೆದ ಯುದ್ಧ ಉದಗೀರದ ಹೆಸರನ್ನು ಇತಿಹಾಸದಲ್ಲಿ ನೆಲೆಗೊಳಿಸಿತು. ಸೋತ ನಿಜಾಮನು ದೌಲತಾಬಾದ್, ಅಸೀರ್‌ಗಢ, ವಿಜಾಪುರ ಮುಂತಾದ ಸ್ಥಳಗಳನ್ನು ಬಿಟ್ಟುಕೊಡಬೇಕಾಯಿತು. ಈ ಗೆಲುವಿನ ಕೀರ್ತಿಯೊಡನೆಯೇ ಭಾವೂ ಉತ್ತರಕ್ಕೆ ನಡೆದನು. ಒಂದು ವರ್ಷ ತುಂಬುವ ಮೊದಲೇ, 1761ರ ಜನವರಿ 14ರಂದು, ಪಾಣಿಪತದಲ್ಲಿ ಅವನ ಕಥೆ ಮುಗಿಯಿತು.

ಗೋಡೆಯ ಪಾರಸಿ ಬರಹದ ಮುಂದೆ ಮಕ್ಕಳು ಬಹಳ ಹೊತ್ತು ನಿಂತರು. ಒಂದಕ್ಷರವೂ ತಿಳಿಯಲಿಲ್ಲ. ನಿಜಾಮರ ಕಾಲದ ಹೊಲದ ಕಾಗದಗಳು ಉರ್ದುವಿನಲ್ಲಿ ಬಂದಾಗ ನಾವು ಆ ಭಾಷೆ ಬಲ್ಲವರಿಂದ ತರ್ಜುಮೆ ಮಾಡಿಸುತ್ತೇವೆ. ಮರಾಠಿಯ ಹಳೆಯ ಪತ್ರಗಳು ಮೋಡಿ ಲಿಪಿಯಲ್ಲಿದ್ದರೆ ಮೋಡಿ ಬಲ್ಲವರನ್ನು ಹುಡುಕುತ್ತೇವೆ. ಹಳಗನ್ನಡದ ಕಲ್ಲು ಎದುರಾದರೆ ಯಾರನ್ನು ಕರೆಯಬೇಕು? ಈ ಪ್ರಶ್ನೆ ಅಲ್ಲಿಯೇ ಮೊಳೆಯಿತು. ಉಳಿದ ಮೂರು ದಿನ ಜೊತೆಗೇ ಬಂದಿತು.

ಇಲ್ಲಿಯ ಹಿರಿಯರಿಗೆ ನೆನಪಿರುವ ಒಂದು ಸಂಗತಿಯನ್ನು ಮಕ್ಕಳಿಗೆ ಹೇಳಿದೆ. ಹೈದರಾಬಾದ್ ಸಂಸ್ಥಾನದಲ್ಲಿ ಉದಗೀರ, ನಿಲಂಗಾ, ಅಹಮದಪುರ ತಾಲೂಕುಗಳು ಬೀದರ ಜಿಲ್ಲೆಗೆ ಸೇರಿದ್ದವು. 1956ರ ರಾಜ್ಯಗಳ ಪುನರ್ವಿಂಗಡಣಾ ಕಾನೂನು ಇವುಗಳನ್ನು ಆಗಿನ ಮುಂಬಯಿ ರಾಜ್ಯಕ್ಕೆ ಸೇರಿಸಿತು. ಆ ವರ್ಷದ ಅಕ್ಟೋಬರ್ 31ರ ರಾತ್ರಿ ಬೀದರ ಜಿಲ್ಲೆಯವರಾಗಿ ಮಲಗಿದ ನಮ್ಮ ಅಜ್ಜಂದಿರು ಮರುದಿನ ಉಸ್ಮಾನಾಬಾದ ಜಿಲ್ಲೆಯವರಾಗಿ ಎದ್ದರು. 1982ರಲ್ಲಿ ಲಾತೂರ ಪ್ರತ್ಯೇಕ ಜಿಲ್ಲೆಯಾದಾಗ ಜಿಲ್ಲೆಯ ಹೆಸರು ಇನ್ನೊಮ್ಮೆ ಬದಲಾಯಿತು. ಗಡಿಗಳು ಹೀಗೆ ಸರಿಯುತ್ತಿದ್ದರೂ ಕಲ್ಲುಗಳು ಇದ್ದಲ್ಲಿಯೇ ಇವೆ.

ನಿಲಂಗಾ

ನಿಲಂಗಾದ ನೀಲಕಂಠೇಶ್ವರ ದೇವಾಲಯ ಮೂರು ಗರ್ಭಗುಡಿಗಳ ತ್ರಿಕೂಟ. ತಳವಿನ್ಯಾಸ ನಕ್ಷತ್ರಾಕಾರದ್ದು, ಗೋಡೆಯು ಮೂಲೆಮೂಲೆಯಾಗಿ ಒಳಗೆ ಹೊರಗೆ ಸರಿಯುವುದರಿಂದ ಬಿಸಿಲು ಏರಿದಂತೆ ನೆರಳಿನ ಗೆರೆಗಳು ಅದರ ಮೇಲೆ ಚಲಿಸುತ್ತವೆ. ಹೊರಗೋಡೆಯ ಸುಂದರಿಯರ ಶಿಲ್ಪಗಳನ್ನು ನೋಡಲು ಬೆಳಗಿನ ಎಂಟು ಗಂಟೆಯ ಹೊತ್ತು ಒಳ್ಳೆಯದು.

ಈ ಗುಡಿಯನ್ನು ಜನ ‘ಹೇಮಾಡಪಂತಿ’ ಎನ್ನುತ್ತಾರೆ. ಮರಾಠವಾಡಾದಲ್ಲಿ ಕಲ್ಲಿನ ಹಳೆಯ ಗುಡಿ ಕಂಡರೆ ಸಾಕು, ಈ ಹೆಸರು ಅದಕ್ಕೆ ಅಂಟುತ್ತದೆ. ಹೇಮಾದ್ರಿಯು ದೇವಗಿರಿಯ ಯಾದವ ಅರಸರಾದ ಮಹಾದೇವ, ರಾಮಚಂದ್ರರ ಮಂತ್ರಿ. 13ನೆಯ ಶತಮಾನದ ಉತ್ತರಾರ್ಧದವನು. ನಿಲಂಗಾದ ಗುಡಿಯನ್ನು ವಿದ್ವಾಂಸರು 12ನೆಯ ಶತಮಾನಕ್ಕೆ ಸೇರಿಸುತ್ತಾರೆ. ಅದು ಕಲ್ಯಾಣದ ಚಾಲುಕ್ಯರ ಕಾಲ. ಲಕ್ಕುಂಡಿ, ಇಟಗಿಗಳ ಗುಡಿಗಳನ್ನು ಚಿತ್ರಗಳಲ್ಲಿ ಕಂಡಿದ್ದ ಮಗಳು ಕಂಬಗಳ ನುಣುಪನ್ನು ಸವರಿ ನೋಡಿ ಇವೂ ಅದೇ ಮನೆಯವು ಎಂದಳು. ಹೆಸರು ಯಾವುದಿದ್ದರೂ ಗುಡಿಯ ಗೌರವಕ್ಕೆ ಕುಂದಿಲ್ಲ. ಆದರೆ ಕಾಲವನ್ನು ಸರಿಯಾಗಿ ತಿಳಿಯದಿದ್ದರೆ ಅದನ್ನು ಕಟ್ಟಿದವರ ಋಣವನ್ನು ಮರೆತಂತಾಗುತ್ತದೆ.

ಆ ಚಾಲುಕ್ಯರ ರಾಜಧಾನಿಯಾದ ಕಲ್ಯಾಣ, ಎಂದರೆ ಇಂದಿನ ಬಸವಕಲ್ಯಾಣ, ನಿಲಂಗಾದಿಂದಲೂ ಉಮರ್ಗಾದಿಂದಲೂ ಬಹಳ ದೂರವೇನಿಲ್ಲ. 1076ರಲ್ಲಿ ಪಟ್ಟವೇರಿದ ಆರನೆಯ ವಿಕ್ರಮಾದಿತ್ಯನು ತನ್ನ ಹೆಸರಿನ ಶಕೆಯನ್ನೇ ಆರಂಭಿಸಿದನು. ಅವನ ಆಶ್ರಯದಲ್ಲಿ ವಿಜ್ಞಾನೇಶ್ವರನು ‘ಮಿತಾಕ್ಷರಾ’ ಎಂಬ ಧರ್ಮಶಾಸ್ತ್ರ ವ್ಯಾಖ್ಯಾನವನ್ನು ರಚಿಸಿದನು. ಬಂಗಾಲದ ಕಡೆಯ ದಾಯಭಾಗ ಪದ್ಧತಿಯ ಪ್ರದೇಶಗಳನ್ನು ಬಿಟ್ಟರೆ ದೇಶದ ಬಹುಭಾಗದ ಹಿಂದೂ ಕುಟುಂಬಗಳ ಆಸ್ತಿಯ ಪಾಲು ಶತಮಾನಗಳ ಕಾಲ ಈ ಗ್ರಂಥದ ಮೇಲೆ ನಿಂತಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾನೂನಿನ 6ನೆಯ ಕಲಮಿನಲ್ಲಿ ಇಂದಿಗೂ ಮಿತಾಕ್ಷರಾದ ಹೆಸರಿದೆ. ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಪಾಲು ಕೊಟ್ಟ 2005ರ ತಿದ್ದುಪಡಿಯೂ ಆ ಕಲಮಿಗೇ ಆದದ್ದು. ನಮ್ಮ ತಾಲೂಕಿನ ಕೋರ್ಟುಗಳಲ್ಲಿ ವಾಟಣಿಯ ದಾವೆ ನಡೆಯುವಾಗ ವಕೀಲರು ಉಚ್ಚರಿಸುವ ಆ ಶಬ್ದ ಹುಟ್ಟಿದ್ದು ಗಂಟೆ ಎರಡು ಗಂಟೆಯ ದಾರಿಯಲ್ಲಿ ಎಂಬುದನ್ನು ಎಷ್ಟು ಜನ ಬಲ್ಲರು?

ಖರೋಸಾ, ಉಮರ್ಗಾ

ನಿಲಂಗಾದಿಂದ ಲಾತೂರಿನ ಕಡೆಗೆ ಹೊರಟರೆ ಔಸಾ ತಾಲೂಕಿನ ಖರೋಸಾ ಸಿಗುತ್ತದೆ. ಊರ ಪಕ್ಕದ ಗುಡ್ಡದಲ್ಲಿ 6ನೆಯ ಶತಮಾನದವೆಂದು ಹೇಳಲಾಗುವ ಗುಹೆಗಳಿವೆ. ನರಸಿಂಹ, ಶಿವಪಾರ್ವತಿ, ಕಾರ್ತಿಕೇಯ, ರಾವಣರ ಶಿಲ್ಪಗಳು ಅಲ್ಲಿವೆ. ಗುಡ್ಡದ ಕಲ್ಲು ಮೆತ್ತನೆಯ ಜಂಬಿಟ್ಟಿಗೆ ಜಾತಿಯದು. ಕಡಿಯುವುದು ಸುಲಭ, ಉಳಿಸುವುದು ಕಠಿಣ. ಮಳೆ ಗಾಳಿಗೆ ಶಿಲ್ಪಗಳ ಮುಖ ಸವೆದಿದೆ. ನಿಂತ ಭಂಗಿಯಿಂದಲೇ ದೇವರನ್ನು ಗುರುತಿಸಬೇಕು. ಎಲ್ಲೋರಾವನ್ನು ಕಂಡವರಿಗೆ ಇದು ಚಿಕ್ಕದೆನಿಸಬಹುದು. ಶಿಲ್ಪಿಯು ಇಂಥ ಕಲ್ಲಿನಲ್ಲಿಯೂ ಎರಡು ಅಂತಸ್ತಿನ ಗುಹೆಯನ್ನು ತೆಗೆದ ಧೈರ್ಯವನ್ನು ನೋಡಿದರೆ ಚಿಕ್ಕದೆನಿಸುವುದಿಲ್ಲ.

ಅಲ್ಲಿಂದ ಉಮರ್ಗಾದ ಕಡೆಗೆ ತಿರುಗಿದಾಗ ಕಿಲ್ಲಾರಿಯ ಸೀಮೆ ಬರುತ್ತದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣೇಶ ವಿಸರ್ಜನೆಯ ಮರುದಿನ, ನಡೆದ ಭೂಕಂಪದಲ್ಲಿ ಔಸಾ, ಉಮರ್ಗಾ ತಾಲೂಕುಗಳ ಹಳ್ಳಿಗಳು ನೆಲಸಮವಾದವು. ಸುಮಾರು 10,000 ಜನ ಪ್ರಾಣ ಕಳೆದುಕೊಂಡರು. ನಾನಾಗ ಶಾಲೆಯ ಹುಡುಗ. ಮಣ್ಣಿನಲ್ಲಿ ಕೂಡಿಸಿದ ದಪ್ಪ ಕಲ್ಲುಗೋಡೆಗಳೂ ಅವುಗಳ ಮೇಲಿನ ಮಣ್ಣಿನ ಭಾರವಾದ ಮಾಳಿಗೆಗಳೂ ಮಲಗಿದವರ ಮೇಲೆ ಕುಸಿದದ್ದನ್ನು ಹಿರಿಯರು ಹೇಳುತ್ತಿದ್ದರು. ಊರುಗಳನ್ನು ಬೇರೆ ಜಾಗದಲ್ಲಿ ಹೊಸದಾಗಿ ಕಟ್ಟಲಾಯಿತು. ಮಕ್ಕಳಿಗೆ ಪಾಳು ಎಂದರೆ ಸಾವಿರ ವರ್ಷದ ಹಿಂದಿನದು. ನನ್ನ ವಯಸ್ಸಿನವರಿಗೆ ಹಾಗಲ್ಲ. ಊರು ಸ್ಥಳ ಬದಲಿಸಿದಾಗ ಹಳೆಯ ಊರಿನ ಕಟ್ಟೆ, ವೀರಗಲ್ಲು, ಗುಡಿಯ ಕಂಬಗಳ ಗುರುತು ಹೇಳುವ ಹಿರಿಯರು ಒಬ್ಬೊಬ್ಬರಾಗಿ ಇಲ್ಲವಾಗುತ್ತಾರೆ. ಬರೆದಿಡದಿದ್ದರೆ ಅವರೊಡನೆ ಆ ತಿಳಿವಳಿಕೆಯೂ ಹೋಗುತ್ತದೆ.

ಉಮರ್ಗಾ ಪುಣೆ–ಹೈದರಾಬಾದ್ ಹೆದ್ದಾರಿಯ ಊರು. ಲಾರಿಗಳ ಸದ್ದಿನಿಂದ ಸ್ವಲ್ಪ ಒಳಗೆ ಸರಿದರೆ ಇಲ್ಲಿಯೂ ಕಲ್ಲಿನಲ್ಲಿ ಕಟ್ಟಿದ ಪ್ರಾಚೀನ ಮಹಾದೇವನ ಗುಡಿಯಿದೆ. ಅದನ್ನು ನೋಡಿಕೊಂಡು ಗಡಿಯ ಕಡೆಯ ಹಳ್ಳಿಯೊಂದಕ್ಕೆ ಹೋದೆವು. ಬೇವಿನ ಮರದ ಬುಡದಲ್ಲಿ ಎದೆಯೆತ್ತರದ ಕಲ್ಲೊಂದು ನಿಂತಿತ್ತು. ಮೇಲೆ ಸೂರ್ಯ ಚಂದ್ರ, ಆಕಳು ಕರು. ಕೆಳಗೆ ಸಾಲುಸಾಲು ಅಕ್ಷರ. ಹಬ್ಬಹಬ್ಬಕ್ಕೂ ಬಳಿದ ಸುಣ್ಣ ಅಕ್ಷರಗಳ ಅರ್ಧವನ್ನು ಮುಚ್ಚಿತ್ತು.

“ಇದು ಓದ್ಲಾಕ ಯಾರಿಗೂ ಬರಲ್ಲಪ್ಪಾ. ನಮ್ಮ ಮಾವನೋರು ದೇವರ ಕಲ್ಲು ಅಂತಿದ್ರು, ನಾವೂ ಹಂಗೇ ಕೈ ಮುಗೀತೀವಿ,” ಎಂದರು ಎದುರು ಮನೆಯ ಅಜ್ಜಿ.

ತಂಗಿಯ ಮಗ ಕಲ್ಲಿನ ಮುಂದೆ ಕುಳಿತು ಬೆರಳಿಟ್ಟು ನೋಡತೊಡಗಿದನು. ಸ್ವಲ್ಪ ಹೊತ್ತಿನ ಮೇಲೆ, “ಮಾಮಾ, ಇದು ‘ಗ’ ಅದ ನೋಡ್ರಿ. ಇದು ‘ಲ’. ಇದು ‘ನ’ ಇರ್ಬೇಕು,” ಎಂದನು. ಅವನು ಹೇಳಿದ್ದು ಸರಿಯಾಗಿತ್ತು. ಅಕ್ಷರಗಳು ಒಂಬತ್ತು ನೂರು ವರ್ಷಗಳಲ್ಲಿ ರೂಪ ಬದಲಿಸಿವೆ, ಆದರೂ ಪೂರ್ತಿ ಅಪರಿಚಿತವಾಗಿಲ್ಲ. ಅಜ್ಜಿ ಹುಡುಗನ ಮುಖವನ್ನೇ ನೋಡುತ್ತಿದ್ದರು. “ಕನ್ನಡ ಸಾಲಿ ಹುಡುಗನೇನ್ರಿ?” ಎಂದು ಕೇಳಿದರು.

ಅಂದು ರಾತ್ರಿ ಮಕ್ಕಳಿಗೆ ಇಂಥ ದಾನಶಾಸನದ ರಚನೆಯನ್ನು ವಿವರಿಸಿದೆ. ಮೊದಲು ದೇವರ ಸ್ತುತಿ. ಬಳಿಕ ‘ಸಮಸ್ತಭುವನಾಶ್ರಯ’, ‘ಶ್ರೀಪೃಥ್ವೀವಲ್ಲಭ’ ಮುಂತಾದ ಬಿರುದುಗಳೊಡನೆ ಆಳುವ ಅರಸನ ಹೆಸರು. ಆಮೇಲೆ ಶಕವರ್ಷ ಅಥವಾ ಚಾಲುಕ್ಯ ವಿಕ್ರಮವರ್ಷ, ಮಾಸ, ತಿಥಿ, ವಾರ. ದಾನ ಕೊಟ್ಟವರು ಯಾರು, ಪಡೆದವರು ಯಾರು, ಎಷ್ಟು ಮತ್ತರು ಹೊಲ, ಅದರ ಚತುಸ್ಸೀಮೆ ಯಾವುದು. ಕೊನೆಗೆ ದಾನವನ್ನು ಕಾಪಾಡಿದವನಿಗೆ ಪುಣ್ಯ. ಕೆಡಿಸಿದವನಿಗೆ ಕಾಶಿಯಲ್ಲಿ ಗೋವುಗಳನ್ನು ಕೊಂದ ಪಾಪ. ನಾವು ಇಂದು ಬರೆಯುವ ಖರೀದಿಪತ್ರ, ದಾನಪತ್ರಗಳಲ್ಲಿ ಪಕ್ಷಕಾರರು, ತಾರೀಖು, ಆಸ್ತಿಯ ವಿವರ, ಚತುಸ್ಸೀಮೆ, ಷರತ್ತುಗಳು ಬರುವ ಕ್ರಮವೂ ಹೆಚ್ಚುಕಡಿಮೆ ಇದೇ. ಆ ಹಳ್ಳಿಯವರು ಕೈ ಮುಗಿಯುತ್ತಿದ್ದ ಕಲ್ಲು ಅವರದೇ ಊರಿನ ಹಕ್ಕುಪತ್ರವಿರಬಹುದು ಎಂದಾಗ ಮಗಳು, “ಅಪ್ಪಾ, ಹಂಗಾದ್ರ ಅದನ್ನ ಓದವ್ರು ಬೇಕಲ್ಲ?” ಎಂದಳು.

ತೇರ

ನಾಲ್ಕನೆಯ ದಿನ ಧಾರಾಶಿವ ಜಿಲ್ಲೆಯ ತೇರಕ್ಕೆ ಹೋದೆವು. ತೇರಣಾ ನದಿಯ ದಂಡೆಯ ಈ ಊರು ಪ್ರಾಚೀನ ತಗರ. ಕ್ರಿ.ಶ. ಮೊದಲನೆಯ ಶತಮಾನದ ಗ್ರೀಕ್ ನಾವಿಕರ ಕೈಪಿಡಿಯಾದ ‘ಪೆರಿಪ್ಲಸ್’ನಲ್ಲಿ ಇದರ ಹೆಸರಿದೆ. ಇಲ್ಲಿಯ ಬಟ್ಟೆಗಳು ಬಂಡಿಗಳಲ್ಲಿ ಭರೂಚದ ಬಂದರಿಗೆ ಹೋಗಿ ಅಲ್ಲಿಂದ ಹಡಗೇರುತ್ತಿದ್ದವು. ಇಟ್ಟಿಗೆಯಲ್ಲಿ ಕಟ್ಟಿದ ತ್ರಿವಿಕ್ರಮ ದೇವಾಲಯದ ಹಿಂಭಾಗ ಗಜಪೃಷ್ಠಾಕಾರದಲ್ಲಿ ದುಂಡಗಿದೆ. ಮೂಲತಃ ಅದು ಬೌದ್ಧ ಚೈತ್ಯವಾಗಿತ್ತೆಂದು ವಿದ್ವಾಂಸರು ಹೇಳುತ್ತಾರೆ. ವಾರಕರಿ ಸಂತ ಗೋರಾ ಕುಂಬಾರರ ಊರೂ ಇದೇ.

ತೇರದ ವಸ್ತುಸಂಗ್ರಹಾಲಯಕ್ಕೆ ದಿ. ರಾಮಲಿಂಗಪ್ಪ ಲಾಮತುರೆ ಅವರ ಹೆಸರಿದೆ. ಊರವರೇ ಆದ ಅವರು ತಮ್ಮೂರಿನ ಮಣ್ಣಿನಲ್ಲಿ ಸಿಕ್ಕ ಹಳೆಯ ವಸ್ತುಗಳನ್ನು ಕೂಡಿಟ್ಟರು. ಆ ಸಂಗ್ರಹವೇ ಇಂದಿನ ಸರಕಾರಿ ಸಂಗ್ರಹಾಲಯದ ಮೂಲಧನ. ಸಾತವಾಹನ ಕಾಲದ ಸುಟ್ಟ ಮಣ್ಣಿನ ಗೊಂಬೆಗಳು, ಮಣಿಗಳು, ನಾಣ್ಯಗಳು, ಉತ್ತರೇಶ್ವರ ಗುಡಿಯ ಕೆತ್ತನೆಯ ಮರದ ಬಾಗಿಲುವಾಡ ಅಲ್ಲಿವೆ. ಒಬ್ಬ ಮನುಷ್ಯ ತನ್ನ ಊರಿನ ಬೋಕಿಯ ಚೂರನ್ನೂ ಬೆಲೆಯುಳ್ಳದ್ದೆಂದು ತಿಳಿದನು. ಅದರಿಂದ ಊರಿಗೆ ಸಂಗ್ರಹಾಲಯ ಬಂದಿತು.

ಥಾಯ್ಲೆಂಡಿನ ಅಯುತ್ಥಯಾದ ಕಥೆಯನ್ನು ಇಲ್ಲಿ ನೆನೆಯಬಹುದು. 1350ರಲ್ಲಿ ಸ್ಥಾಪಿತವಾದ ಆ ರಾಜಧಾನಿ 1767ರಲ್ಲಿ, ಉದಗೀರದ ಯುದ್ಧವಾದ ಏಳು ವರ್ಷಗಳ ಮೇಲೆ, ಬರ್ಮಾದ ಸೇನೆಯಿಂದ ಹಾಳಾಯಿತು. 1957ರಲ್ಲಿ ಅಲ್ಲಿಯ ರಾಚಬುರಣ ದೇವಾಲಯದ ನೆಲಮಾಳಿಗೆಗೆ ಕಳ್ಳರು ಕನ್ನ ಹಾಕಿ ಬಂಗಾರದ ವಸ್ತುಗಳನ್ನು ಹೊತ್ತೊಯ್ದರು. ಮರಳಿ ಸಿಕ್ಕಷ್ಟನ್ನೂ ಬಳಿಕ ಅಗೆದು ತೆಗೆದದ್ದನ್ನೂ ಇಡಲು ಒಂದು ಸಂಗ್ರಹಾಲಯ ಬೇಕಾಯಿತು. ಅಲ್ಲಿ ದೊರೆತ ಚಿಕ್ಕ ಮಣ್ಣಿನ ಬುದ್ಧಬಿಲ್ಲೆಗಳನ್ನು ಕಾಣಿಕೆ ಕೊಟ್ಟವರಿಗೆ ನೀಡಿ ಹಣ ಕೂಡಿಸಿದರು. 1961ರಲ್ಲಿ ಸಂಗ್ರಹಾಲಯ ತೆರೆಯಿತು. ಇಂದು ಜಗತ್ತಿನ ಪ್ರವಾಸಿಗರು ಅಲ್ಲಿಗೆ ಹೋಗುತ್ತಾರೆ. ದೇಶ ಬೇರೆಯಾದರೂ ಪಾಠ ಒಂದೇ: ಊರಿನವರು ಕಾಯದಿದ್ದರೆ ಕಳ್ಳರು ಕಾದಿರುತ್ತಾರೆ.

ತೇರಕ್ಕೂ ಲಾತೂರಿಗೂ ಕನ್ನಡದ ಕಲ್ಲುಗಳೊಡನೆ ಒಂದು ಸಂಬಂಧವಿದೆ. ಶಿಲಾಹಾರ ಅರಸರು ತಮ್ಮನ್ನು ‘ತಗರಪುರವರಾಧೀಶ್ವರ’ರೆಂದು ಕರೆದುಕೊಂಡರು. ರಾಷ್ಟ್ರಕೂಟರೂ ಸವದತ್ತಿಯ ರಟ್ಟರೂ ಲಟ್ಟಲೂರಿನ ಒಡೆಯರೆಂದು ಹೇಳಿಕೊಂಡರು. ಆ ಲಟ್ಟಲೂರನ್ನು ಲಾತೂರೆಂದು ಗುರುತಿಸಲಾಗಿದೆ. ನೂರಾರು ಹರದಾರಿ ದೂರ ಹೋಗಿ ರಾಜ್ಯ ಕಟ್ಟಿದವರೂ ಮೂಲದ ಊರಿನ ಹೆಸರನ್ನು ಬಿರುದಿನಲ್ಲಿ ಹೊತ್ತುಕೊಂಡಿದ್ದರು. ಕಾವೇರಿಯಿಂದ ಗೋದಾವರಿಯವರೆಗೆ ಹರಡಿದ ಕನ್ನಡ ನಾಡಿನ ಮಾತನ್ನು 9ನೆಯ ಶತಮಾನದ ಕವಿರಾಜಮಾರ್ಗ ಹೇಳುವುದೂ ಈ ಹಿನ್ನೆಲೆಯಲ್ಲಿಯೇ.

ಈ ಮಾತುಗಳನ್ನು ಗಡಿವಾದದ ಕಾಗದವೆಂದು ಯಾರೂ ತಿಳಿಯಬಾರದು. ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿ ಮರಾಠಿಯ ಪ್ರಾಚೀನ ಸಾಲುಗಳಿವೆ. ಮರಾಠಿಗರು ಅದನ್ನು ಅಭಿಮಾನದಿಂದ ನೆನೆಯುತ್ತಾರೆ, ಕನ್ನಡಿಗರು ಅದನ್ನು ಪ್ರೀತಿಯಿಂದ ಕಾಪಾಡಿದ್ದಾರೆ. ಉದಗೀರದಲ್ಲಿ 2022ರಲ್ಲಿ ನಡೆದ 95ನೆಯ ಅಖಿಲ ಭಾರತೀಯ ಮರಾಠಿ ಸಾಹಿತ್ಯ ಸಮ್ಮೇಳನ ನಮ್ಮೆಲ್ಲರ ಹಬ್ಬವೂ ಆಗಿತ್ತು. ಕಲ್ಲಿನ ಬರಹ ಓದಿದವರ ಸ್ವತ್ತು. ಶ್ರೀನಿವಾಸ ರಿತ್ತಿ ಮತ್ತು ಜಿ. ಸಿ. ಶೆಳಕೆ ಅವರು 1968ರಲ್ಲಿ ನಾಂದೇಡ ಜಿಲ್ಲೆಯ ಶಾಸನಗಳನ್ನು, ರಿತ್ತಿ ಮತ್ತು ಸೋಲಾಪುರದ ಆನಂದ ಕುಂಭಾರ ಅವರು 1988ರಲ್ಲಿ ಸೋಲಾಪುರ ಜಿಲ್ಲೆಯ ಶಾಸನಗಳನ್ನು ಸಂಪುಟವಾಗಿ ತಂದರು. ಕನ್ನಡಿಗ ವಿದ್ವಾಂಸರೂ ಮರಾಠಿ ಸಂಶೋಧಕರೂ ಕೂಡಿ ದುಡಿದುದರಿಂದ ಅಲ್ಲಿಯ ಕನ್ನಡ ಕಲ್ಲುಗಳು ಮಾತನಾಡಿದವು.

ಪಾಲಕರಲ್ಲಿ ಒಂದು ವಿನಂತಿ

ಹಳೆಯ ದಸ್ತಾವೇಜಿಗೆ ಕೋರ್ಟಿನಲ್ಲಿ ಬೆಲೆ ಬರಬೇಕಾದರೆ ಅದು ಯೋಗ್ಯರ ಸುಪರ್ದಿಯಿಂದ ಬಂದಿರಬೇಕು, ಅದನ್ನು ಓದಿ ತಿಳಿಸುವವರಿರಬೇಕು. ನಮ್ಮ ಹಳ್ಳಿಗಳ ಕಲ್ಲುಗಳಿಗೂ ಈ ಎರಡು ಬೇಕು.

ಸುಪರ್ದಿಯ ಕೆಲಸ ಎಲ್ಲರದು. ಅಕ್ಷರದ ಕಲ್ಲಿಗೆ ಎಣ್ಣೆಬಣ್ಣ, ಸುಣ್ಣ ಬಳಿಯದಂತೆ ಊರಿನವರಿಗೆ ನಮ್ರವಾಗಿ ತಿಳಿಸಿರಿ. ಸ್ಪಷ್ಟವಾಗಿ ಕಾಣಲೆಂದು ಸೀಮೆಸುಣ್ಣದಿಂದ ತೀಡಬೇಡಿರಿ, ಮೊನಚಾದ ವಸ್ತುವಿನಿಂದ ಕೆರೆಯಬೇಡಿರಿ. ಬೆಳಗಿನ ಅಥವಾ ಸಂಜೆಯ ಓರೆಬಿಸಿಲಿನಲ್ಲಿ ಮೊಬೈಲಿನಿಂದ ಚಿತ್ರ ತೆಗೆದು ಊರು, ಸ್ಥಳ, ತಾರೀಖು ಬರೆದಿಟ್ಟರೆ ಸಾಕು. ಬಲ್ಲವರಿಗೆ ಕಳಿಸಲು ಅದು ಉಪಯೋಗಕ್ಕೆ ಬರುತ್ತದೆ. ಹೊಲ ಉಳುವಾಗ, ಪಾಯ ತೋಡುವಾಗ ನೆಲದಲ್ಲಿ ಹುದುಗಿಸಿಟ್ಟ ನಿಧಿ ಸಿಕ್ಕರೆ, ಅದರ ಬೆಲೆ ಹತ್ತು ರೂಪಾಯಿಗಿಂತ ಹೆಚ್ಚಿದ್ದಲ್ಲಿ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು 1878ರ ಕಾನೂನು ಹೇಳುತ್ತದೆ. ನಿಧಿಯಾಸೆಗೆ ಗುಡಿಯ ಗರ್ಭಗೃಹ ಅಗೆಯುವವರ ಸುದ್ದಿ ಕಿವಿಗೆ ಬಿದ್ದರೆ ಸುಮ್ಮನಿರಬಾರದು. ಸಂರಕ್ಷಿತ ರಾಷ್ಟ್ರೀಯ ಸ್ಮಾರಕವನ್ನು ಕೆಡಿಸಿದವರಿಗೆ ಎರಡು ವರ್ಷಗಳವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿಗಳವರೆಗೆ ದಂಡವಿದೆ.

ಓದುವ ಕೆಲಸ ಮಾತ್ರ ಎಲ್ಲರಿಂದ ಆಗುವುದಲ್ಲ. ಅದರ ಮೊದಲ ಮೆಟ್ಟಿಲು ಕನ್ನಡ ಶಾಲೆ. ಬಾಲಭಾರತಿಯ ಕನ್ನಡ ಪಠ್ಯಪುಸ್ತಕ ಹಿಡಿದ ಆರನೆಯ ಇಯತ್ತೆಯ ಹುಡುಗ ಮೂರು ಅಕ್ಷರ ಗುರುತಿಸಬಲ್ಲನಾದರೆ ಅವನಲ್ಲಿ ಒಬ್ಬನು ಮುಂದೆ ಹಳಗನ್ನಡ ಕಲಿತು ಇಡೀ ಕಲ್ಲನ್ನು ಓದಿಯಾನು. ಅವನಿಗೆ ಮರಾಠಿಯೂ ಬರುವುದರಿಂದ ಓದಿದ್ದನ್ನು ಊರಿಗೆಲ್ಲ ತಿಳಿಸಿಯೂ ಹೇಳಿಯಾನು. ಬೆಂಗಳೂರಿನ ಮಗುವಿಗೆ ಆ ಎರಡನೆಯ ಶಕ್ತಿಯಿಲ್ಲ, ಪುಣೆಯ ಮಗುವಿಗೆ ಮೊದಲನೆಯದಿಲ್ಲ. ಗಡಿಯ ಕನ್ನಡ ಶಾಲೆಯ ಮಗುವಿಗೆ ಎರಡೂ ಇವೆ.

ಪಟಸಂಖ್ಯೆ ಇಳಿಯಿತೆಂದು, ಇಂಗ್ಲಿಷಿನಿಂದಲೇ ಹೊಟ್ಟೆ ತುಂಬುವುದೆಂದು ಕನ್ನಡ ಶಾಲೆಯಿಂದ ಮಗುವಿನ ಹೆಸರು ತೆಗೆಸುವ ಮಾತು ಮನೆಮನೆಯಲ್ಲಿ ಕೇಳುತ್ತದೆ. ಹೊಟ್ಟೆಯ ಚಿಂತೆ ಸಣ್ಣದಲ್ಲ. ಆ ಪಾಲಕರನ್ನು ನಾನು ದೂಷಿಸಲಾರೆ. ಆದರೆ ಒಂದು ಸಂಗತಿಯನ್ನು ಅವರು ತಿಳಿದಿರಬೇಕು. ನಮ್ಮನ್ನು ಬೀದರಿನಿಂದ ಬೇರ್ಪಡಿಸಿದ 1956ರ ನವೆಂಬರ್ 1ರಂದೇ ಸಂವಿಧಾನದ ಏಳನೆಯ ತಿದ್ದುಪಡಿಯೂ ಜಾರಿಗೆ ಬಂದಿತು. ಅದು ಸೇರಿಸಿದ 350ಎ ಅನುಚ್ಛೇದವು ಭಾಷಿಕ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಸಾಕಷ್ಟು ಅನುಕೂಲ ಒದಗಿಸಲು ಪ್ರಯತ್ನಿಸುವಂತೆ ಪ್ರತಿಯೊಂದು ರಾಜ್ಯಕ್ಕೂ ಹೇಳುತ್ತದೆ. ಶಿಕ್ಷಕರ ಹುದ್ದೆ ತೆರವಾದಾಗ, ಪುಸ್ತಕ ತಡವಾದಾಗ ಈ ಅನುಚ್ಛೇದದ ಹೆಸರು ಹೇಳಿ ಅರ್ಜಿ ಬರೆಯುವ ಅಧಿಕಾರ ನಮಗಿದೆ. ಆದರೆ ಅರ್ಜಿಗೆ ಬಲ ಬರುವುದು ತರಗತಿಯಲ್ಲಿ ಮಕ್ಕಳಿದ್ದಾಗ.

ಬರುವ ರಜೆಗೆ ಶಾಲೆಯ ಪ್ರವಾಸ ನಿಶ್ಚಯಿಸುವಾಗ ಉದಗೀರ, ನಿಲಂಗಾ, ಖರೋಸಾ, ಉಮರ್ಗಾ, ತೇರಗಳಿಗೂ ಒಂದು ದಿನ ಇಡಿರಿ. ಎಸ್‌ಟಿ ಬಸ್ಸಿನಲ್ಲಿ ಹೋಗಿ ಬರಬಹುದು. ಹೋಗುವಾಗ ಮಕ್ಕಳ ಕೈಯಲ್ಲಿ ಒಂದು ನೋಟುಪುಸ್ತಕವಿರಲಿ. ದಾರಿಯ ಹಳ್ಳಿಗಳಲ್ಲಿ ಅಕ್ಷರದ ಕಲ್ಲು ಕಂಡಲ್ಲಿ ಇಳಿದು, ಗುರುತಿಸಿದ ಅಕ್ಷರಗಳನ್ನು ಅದರಲ್ಲಿ ಬರೆದುಕೊಳ್ಳಲಿ.